ಕ್ಯಾಮೆರಾಕ್ಕೆ ಬೇರೆ ಕಂಪನಿಯ ಬ್ಯಾಟರಿ, ಚಾರ್ಜರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಂಡ್ಯ: ಮದುವೆ ಮನೆಯಲ್ಲಿ ಮುಹೂರ್ತ ಯಾರಿಗೂ ಕಾಯುವುದಿಲ್ಲ. ವರಪೂಜೆಯ ಸಂಜೆಯಿಂದ ಮರುದಿನದ ಧಾರೆಯವರೆಗೆ, ಅಲ್ಲಿಂದ ಬೀಗರ ಊಟದವರೆಗೆ ಬಿಡುವಿಲ್ಲದೆ ದುಡಿಯುವ ಛಾಯಾಗ್ರಾಹಕರಿಗೆ ಕ್ಯಾಮೆರಾದೊಂದಿಗೆ ಬಂದ ಒಂದೇ ಒಂದು ಬ್ಯಾಟರಿ ಸಾಲದು. ಕನಿಷ್ಠ ನಾಲ್ಕಾದರೂ ಬೇಕು. ನಾಲ್ಕನ್ನೂ ಕ್ಯಾಮೆರಾ ಕಂಪನಿಯಿಂದಲೇ ಕೊಂಡರೆ ತಗಲುವ ವೆಚ್ಚದಲ್ಲಿ ಒಂದು ಸಾಧಾರಣ ಲೆನ್ಸೇ ಬಂದೀತು. ಹೀಗಾಗಿ ಗುತ್ತಲು ರಸ್ತೆಯ ಸಣ್ಣ ಸ್ಟುಡಿಯೊದಿಂದ ಹಿಡಿದು ಮದ್ದೂರು, ಮಳವಳ್ಳಿಯ ವಿಡಿಯೊ ತಂಡಗಳವರೆಗೆ ಎಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಕಡಿಮೆ ಬೆಲೆಗೆ ಸಿಗುವ ಬೇರೆ ಕಂಪನಿಯ ಬ್ಯಾಟರಿಯನ್ನು ನಂಬಬಹುದೇ?

ಈ ಪ್ರಶ್ನೆ ವೃತ್ತಿಪರರಿಗೆ ಮಾತ್ರ ಸೀಮಿತವಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಮುಂದೆ ಗಂಟೆಗಟ್ಟಲೆ ಕಾಯುವ ಹವ್ಯಾಸಿಗಳಿಗೂ, ಮೇಲುಕೋಟೆಯ ವೈರಮುಡಿ ಉತ್ಸವವನ್ನು ರಾತ್ರಿಯಿಡೀ ಚಿತ್ರೀಕರಿಸುವವರಿಗೂ, ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಗೆ ಕುಟುಂಬ ಸಮೇತ ಪ್ರವಾಸ ಹೋಗುವವರಿಗೂ ಇದು ಅನ್ವಯಿಸುತ್ತದೆ. ‘ಪೂರ್ತಿ ಬೇಡ’ ಎನ್ನುವುದೂ ‘ಎಲ್ಲವೂ ಒಂದೇ’ ಎನ್ನುವುದೂ ಸರಿಯಾದ ಉತ್ತರವಲ್ಲ. ಯಾವುದನ್ನು, ಎಲ್ಲಿ, ಹೇಗೆ ಕೊಳ್ಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ.

ಮೂರು ಬಗೆ, ಗೊಂದಲ ಬೇಡ

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಥರ ಕಾಣುವ ಬ್ಯಾಟರಿಗಳು ವಾಸ್ತವವಾಗಿ ಮೂರು ಬಗೆಯವು.

ಮೊದಲನೆಯದು ಕ್ಯಾಮೆರಾ ತಯಾರಕರೇ ಮಾರುವ ಮೂಲ ಬ್ಯಾಟರಿ. ಆಡುಮಾತಿನಲ್ಲಿ ‘ಒರಿಜಿನಲ್’ ಅಥವಾ ‘ಕಂಪನಿ ಬ್ಯಾಟರಿ’.

ಎರಡನೆಯದು ಬೇರೆ ಕಂಪನಿಯು ತನ್ನದೇ ಹೆಸರು ಹಾಕಿ, ‘ಇಂಥ ಮಾದರಿಗೆ ಹೊಂದುತ್ತದೆ’ ಎಂದು ಹೇಳಿ ಮಾರುವ ಬ್ಯಾಟರಿ. ನಮ್ಮ ಮಾರುಕಟ್ಟೆಯಲ್ಲಿ ಡಿಜಿಟೆಕ್, ಸಿಂಪೆಕ್ಸ್ ಮೊದಲಾದ ಹೆಸರುಗಳು, ಹೊರದೇಶಗಳಲ್ಲಿ ಹ್ಯಾನೆಲ್, ಪಟೋನಾ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇದು ಕಾನೂನುಬದ್ಧ ವ್ಯಾಪಾರ. ಗುಣಮಟ್ಟ ಮಾತ್ರ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಒಂದು ಕಂತಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಮೂರನೆಯದು ಕ್ಯಾನನ್, ನಿಕಾನ್, ಸೋನಿ ಎಂಬ ಹೆಸರನ್ನೇ ಅಚ್ಚು ಹಾಕಿಕೊಂಡ ನಕಲಿ ಮಾಲು. ಇದು ಅಪರಾಧ. ಅಪಾಯ ಹೆಚ್ಚಿರುವುದೂ ಇದರಲ್ಲೇ. ತನ್ನ ಹೆಸರನ್ನು ಹೇಳಿಕೊಳ್ಳುವ ಕಂಪನಿಗೆ ಹೆಸರು ಕೆಡುವ ಅಂಜಿಕೆಯಾದರೂ ಇರುತ್ತದೆ. ಬೇರೆಯವರ ಹೆಸರಿನಲ್ಲಿ ಮಾರುವವನಿಗೆ ಆ ಅಂಜಿಕೆಯೂ ಇಲ್ಲ.

ನಮ್ಮಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಸೇರಿಸಿ ‘ಡೂಪ್ಲಿಕೇಟ್’ ಎಂದು ಕರೆಯುವ ರೂಢಿಯಿದೆ. ಗೊಂದಲ ಆರಂಭವಾಗುವುದೇ ಇಲ್ಲಿಂದ. ಸ್ವಂತ ಹೆಸರಿನ ಬೇರೆ ಕಂಪನಿಯ ಬ್ಯಾಟರಿಯನ್ನು ವಿಚಾರಿಸಿ ಕೊಳ್ಳಬಹುದು. ಕಾಲು ಬೆಲೆಗೆ ಸಿಗುವ ‘ಒರಿಜಿನಲ್’ ಅನ್ನು ಮುಟ್ಟಲೇಬಾರದು.

ಪುಟ್ಟ ಡಬ್ಬಿಯೊಳಗೆ ಏನಿದೆ?

ಇಂದಿನ ಬಹುತೇಕ ಕ್ಯಾಮೆರಾಗಳು ಲೀಥಿಯಂ-ಅಯಾನ್ ಬ್ಯಾಟರಿ ಬಳಸುತ್ತವೆ. 1991ರಲ್ಲಿ ಸೋನಿ ಕಂಪನಿ ಮೊದಲ ಬಾರಿಗೆ ವಾಣಿಜ್ಯ ಮಾರುಕಟ್ಟೆಗೆ ತಂದ ತಂತ್ರಜ್ಞಾನವಿದು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಹಾಗೂ ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಒಂದು ಸೆಲ್‌ನ ಸಾಮಾನ್ಯ ವೋಲ್ಟೇಜ್ 3.6ರಿಂದ 3.7. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್‌ಗೆ ಏರುತ್ತದೆ. ದೊಡ್ಡ ಕ್ಯಾಮೆರಾಗಳ ಬ್ಯಾಟರಿಯಲ್ಲಿ ಇಂಥ ಎರಡು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಅದರಿಂದಾಗಿ ಮೈಮೇಲೆ 7.2 ಅಥವಾ 7.4 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ತುಂಬಿದಾಗ ಅದು 8.4 ವೋಲ್ಟ್. ಜೇಬಿನಲ್ಲಿಡುವ ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದೇ ಸೆಲ್.

ಸೆಲ್‌ಗಳ ಜೊತೆಗೆ ಒಳಗೊಂದು ಪುಟ್ಟ ರಕ್ಷಣಾ ಸರ್ಕ್ಯೂಟ್ ಇರುತ್ತದೆ. ಮಿತಿಮೀರಿ ಚಾರ್ಜ್ ಆದರೆ, ಮಿತಿಮೀರಿ ಖಾಲಿಯಾದರೆ ಅಥವಾ ಎರಡು ತುದಿಗಳು ತಾಗಿ ಶಾರ್ಟ್ ಆದರೆ ವಿದ್ಯುತ್ ಹರಿವನ್ನು ಕಡಿದುಹಾಕುವುದು ಅದರ ಕೆಲಸ. ಶಾಖವನ್ನು ಅಳೆಯುವ ಬಿಡಿಭಾಗವೊಂದು ಬ್ಯಾಟರಿ ಎಷ್ಟು ಬಿಸಿಯಾಗಿದೆ ಎಂದು ಚಾರ್ಜರಿಗೆ ತಿಳಿಸುತ್ತದೆ. ಬ್ಯಾಟರಿಯ ಮೇಲೆ ಎರಡಕ್ಕಿಂತ ಹೆಚ್ಚು ಲೋಹದ ಪಟ್ಟಿಗಳು ಇರುವುದು ಈ ಕಾರಣಕ್ಕೆ. ಹೊಸ ಮಾದರಿಗಳಲ್ಲಿ ಒಂದು ಗುರುತಿನ ಚಿಪ್ ಕೂಡ ಇರುತ್ತದೆ. ‘ಇನ್ನು ಶೇ 43 ಉಳಿದಿದೆ’ ಎಂದು ಕ್ಯಾಮೆರಾ ತೋರಿಸುವುದು ಚಿಪ್ ಕೊಡುವ ಲೆಕ್ಕದಿಂದ.

ಬೆಲೆ ಇಳಿಸಲು ಹೊರಟ ತಯಾರಕರು ಕೈಹಾಕುವುದು ಈ ಮೂರಕ್ಕೇ. ಸೆಲ್ ಅಗ್ಗದ್ದಾಗುತ್ತದೆ, ರಕ್ಷಣಾ ಸರ್ಕ್ಯೂಟ್ ಸರಳವಾಗುತ್ತದೆ, ಚಿಪ್ ಅಂದಾಜಿನ ಲೆಕ್ಕ ಕೊಡುತ್ತದೆ. ಶೇ 40 ತೋರಿಸುತ್ತಿದ್ದ ಕ್ಯಾಮೆರಾ ಐದೇ ನಿಮಿಷದಲ್ಲಿ ಕಣ್ಣುಮುಚ್ಚಿತು ಎಂಬ ದೂರಿನ ಮೂಲ ಸಾಮಾನ್ಯವಾಗಿ ಇದೇ. ಸೆಲ್‌ಗಳೆರಡೂ ಸಮಬಲದವಲ್ಲದಿದ್ದರೆ ಚಾರ್ಜಿಂಗ್ ಕೊನೆಯಲ್ಲಿ ಒಂದಕ್ಕೆ 4.2 ವೋಲ್ಟ್‌ಗಿಂತ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಹೆಚ್ಚು ಪಡೆದ ಸೆಲ್ ಬಿಸಿಯಾಗಿ, ಕ್ರಮೇಣ ಉಬ್ಬುತ್ತದೆ.

ಅಂಕಿಗಳನ್ನು ಓದುವ ಬಗೆ

ಬ್ಯಾಟರಿಯ ಮೇಲೆ ಎರಡು ಅಂಕಿಗಳನ್ನು ನೋಡಬೇಕು: ವೋಲ್ಟ್ ಮತ್ತು ಮಿಲಿ ಆಂಪಿಯರ್-ಅವರ್ (ಎಂಎಎಚ್). ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಒಟ್ಟು ಶಕ್ತಿ ವ್ಯಾಟ್-ಅವರ್‌ನಲ್ಲಿ ಸಿಗುತ್ತದೆ. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 7.2 ವೋಲ್ಟ್, 2280 ಎಂಎಎಚ್. ಅಂದರೆ ಸುಮಾರು 16.4 ವ್ಯಾಟ್-ಅವರ್.

ಬೇರೆ ಕಂಪನಿಯ ಬ್ಯಾಟರಿಗಳಲ್ಲಿ ಅತಿಶಯೋಕ್ತಿ ಹೆಚ್ಚಾಗಿ ಕಾಣುವುದು ಎಂಎಎಚ್ ಅಂಕಿಯಲ್ಲಿ. ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿ ಮೊದಲು ಬಂದಾಗ 1800 ಎಂಎಎಚ್ ಇತ್ತು. ನಂತರದ ಎಲ್‌ಪಿ-ಇ6ಎನ್ 1865ಕ್ಕೆ, 2020ರ ಎಲ್‌ಪಿ-ಇ6ಎನ್‌ಎಚ್ 2130ಕ್ಕೆ ಏರಿತು. ಅದೇ ಗಾತ್ರದ ಡಬ್ಬಿಯಲ್ಲಿ ಮೂಲ ಕಂಪನಿಗೆ ಇಷ್ಟು ದೂರ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಾಗಿರುವಾಗ ಮೂರನೇ ಒಂದು ಬೆಲೆಗೆ, ಅದೇ ಗಾತ್ರದಲ್ಲಿ, ಇನ್ನೂ ಬಹಳ ಹೆಚ್ಚು ಎಂಎಎಚ್ ಬರೆದುಕೊಂಡ ಬ್ಯಾಟರಿ ಕಂಡರೆ ಅನುಮಾನಿಸುವುದೇ ಜಾಣತನ. ಮೂಲ ಬ್ಯಾಟರಿಗೆ ಹತ್ತಿರದ ಅಂಕಿಯನ್ನು ಬರೆದುಕೊಂಡ ಕಂಪನಿ ಸತ್ಯಕ್ಕೆ ಹತ್ತಿರವಿರುವ ಸಾಧ್ಯತೆ ಹೆಚ್ಚು.

ವೋಲ್ಟ್ ವಿಷಯದಲ್ಲಿ 7.2 ಮತ್ತು 7.4ರ ನಡುವಿನ ವ್ಯತ್ಯಾಸಕ್ಕೆ ಗಾಬರಿಪಡಬೇಕಿಲ್ಲ. ಎರಡೂ ಎರಡು ಸೆಲ್‌ಗಳ ಬ್ಯಾಟರಿಗಳೇ. ಆದರೆ 3.7 ವೋಲ್ಟ್‌ನದ್ದನ್ನೂ 7.4 ವೋಲ್ಟ್‌ನದ್ದನ್ನೂ ಎಂದೂ ಅದಲುಬದಲು ಮಾಡಬಾರದು.

ಹಳೆಯ ಸಣ್ಣ ಕ್ಯಾಮೆರಾಗಳಲ್ಲೂ ಇಂದಿಗೂ ಫ್ಲ್ಯಾಶ್‌ಗಳಲ್ಲೂ ಬಳಸುವ ‘ಎಎ’ ಸೆಲ್‌ಗಳ ಮಾತು ಬೇರೆ. ಅಲ್ಲಿ ಯಾವ ಕಂಪನಿಯ ಸೆಲ್ ಹಾಕಿದರೂ ಆದೀತು. ರೀಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್‌ನದ್ದು. 2005ರಲ್ಲಿ ಸ್ಯಾನ್ಯೊ ತಂದ ಎನೆಲೂಪ್ ಸೆಲ್‌ಗಳು ಬಳಸದೆ ಇಟ್ಟರೂ ಬೇಗ ಇಳಿದುಹೋಗದ ಗುಣದಿಂದ ಹೆಸರಾದವು. ನಾಲ್ಕು ಸೆಲ್‌ಗಳ ಫ್ಲ್ಯಾಶ್‌ಗೆ ಹಳೆಯದು, ಹೊಸದು, ಬೇರೆ ಬೇರೆ ಕಂಪನಿಯದು ಬೆರೆಸಬಾರದು ಎಂಬುದೊಂದೇ ಇಲ್ಲಿನ ಮುಖ್ಯ ನಿಯಮ.

ಚಾರ್ಜರ್ ಕಡೆಗೂ ಗಮನವಿರಲಿ

ಬ್ಯಾಟರಿಯ ಬಗ್ಗೆ ಹತ್ತು ಮಂದಿಯನ್ನು ಕೇಳುವವರು ಚಾರ್ಜರನ್ನು ಮಾತ್ರ ಕೈಗೆ ಸಿಕ್ಕಿದ್ದು ಕೊಳ್ಳುತ್ತಾರೆ. ಬ್ಯಾಟರಿಯ ಆಯುಷ್ಯವನ್ನು ನಿರ್ಧರಿಸುವುದರಲ್ಲಿ ಚಾರ್ಜರಿನ ಪಾತ್ರವೂ ಅಷ್ಟೇ ದೊಡ್ಡದು.

ಲೀಥಿಯಂ ಬ್ಯಾಟರಿಯನ್ನು ಎರಡು ಹಂತಗಳಲ್ಲಿ ತುಂಬಿಸಬೇಕು. ಮೊದಲ ಹಂತದಲ್ಲಿ ಒಂದೇ ಪ್ರಮಾಣದ ವಿದ್ಯುತ್ ಹರಿಯುತ್ತದೆ. ವೋಲ್ಟೇಜ್ 8.4 ಮುಟ್ಟಿದ ಬಳಿಕ ಅದನ್ನು ಅಲ್ಲೇ ಹಿಡಿದು, ಹರಿವನ್ನು ಕ್ರಮೇಣ ಇಳಿಸಿ, ಕೊನೆಗೆ ನಿಲ್ಲಿಸಬೇಕು. ಉತ್ತಮ ಚಾರ್ಜರ್ ಇದನ್ನು ನಿಖರವಾಗಿ ಮಾಡುತ್ತದೆ; ಜೊತೆಗೆ ಬ್ಯಾಟರಿಯ ಶಾಖವನ್ನೂ ಗಮನಿಸುತ್ತದೆ. ಕಳಪೆ ಚಾರ್ಜರ್ 8.4ನ್ನು ದಾಟಬಹುದು, ನಿಲ್ಲಿಸಬೇಕಾದಲ್ಲಿ ನಿಲ್ಲಿಸದಿರಬಹುದು, ಶಾಖದ ಪಟ್ಟಿಯನ್ನು ಮುಟ್ಟದೆಯೇ ಇರಬಹುದು.

ಕ್ಯಾನನ್‌ನ ಎಲ್‌ಸಿ-ಇ6, ನಿಕಾನ್‌ನ ಎಂಎಚ್-25 ಚಾರ್ಜರುಗಳ ಹಿಂಬದಿಯಲ್ಲಿ ಔಟ್‌ಪುಟ್ 8.4 ವೋಲ್ಟ್, 1.2 ಆಂಪಿಯರ್ ಎಂದಿದೆ. ಬೇರೆ ಕಂಪನಿಯ ಚಾರ್ಜರ್ ಕೊಳ್ಳುವಾಗ ಹೋಲಿಸಬೇಕಾದ ಅಂಕಿ ಇದು. ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಕಡಿಮೆ ಇದ್ದರೆ ನಿಧಾನವಾದೀತು, ಅಷ್ಟೇ.

ಮೊಬೈಲ್ ಅಡಾಪ್ಟರಿಗೆ ಸಿಕ್ಕಿಸುವ ಯುಎಸ್‌ಬಿ ಜೋಡಿ ಚಾರ್ಜರುಗಳು ಈಗ ಜನಪ್ರಿಯ. ಅನುಕೂಲವೇನೋ ಹೌದು, ಆದರೆ ಲೆಕ್ಕವನ್ನೂ ನೋಡಬೇಕು. 16.4 ವ್ಯಾಟ್-ಅವರ್‌ನ ಎರಡು ಬ್ಯಾಟರಿಗೆ ಒಟ್ಟು 32.8 ವ್ಯಾಟ್-ಅವರ್ ಬೇಕು. 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಡುವುದು 10 ವ್ಯಾಟ್. ಎಳ್ಳಷ್ಟೂ ನಷ್ಟವಾಗದಿದ್ದರೂ 3 ಗಂಟೆ 17 ನಿಮಿಷ ಹಿಡಿಯುತ್ತದೆ. ಶಾಖವಾಗಿ ಹೋಗುವ ನಷ್ಟ ಸೇರಿದರೆ ನಾಲ್ಕು ಗಂಟೆಯ ಆಸುಪಾಸು. ವರಪೂಜೆ ಮುಗಿದು ಬೆಳಗಿನ ಮುಹೂರ್ತದೊಳಗೆ ಆರು ಬ್ಯಾಟರಿ ತುಂಬಿಸಬೇಕಾದವರಿಗೆ ಇಂಥ ಒಂದೇ ಚಾರ್ಜರ್ ಸಾಲದು.

ಪಿನ್ನುಗಳನ್ನು ಅತ್ತಿತ್ತ ಸರಿಸಿ ಯಾವ ಬ್ಯಾಟರಿಗಾದರೂ ಹಿಡಿಸುವ ‘ಯೂನಿವರ್ಸಲ್’ ಚಾರ್ಜರುಗಳನ್ನು ದೂರವಿಡುವುದೇ ಲೇಸು. ಒಂದು ಸೆಲ್‌ನ ಬ್ಯಾಟರಿಗೆ ಎರಡು ಸೆಲ್‌ನ ವೋಲ್ಟೇಜ್ ಹರಿಯುವ, ಧನ-ಋಣ ಅದಲುಬದಲಾಗುವ ಸಂಭವ ಅಲ್ಲಿದೆ. ಜನರೇಟರ್ ಮೇಲೆ ನಡೆಯುವ ಸಮುದಾಯ ಭವನಗಳಲ್ಲಿ, ಕರೆಂಟ್ ಹೋಗಿ ಬರುವ ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತ ಸಾಮಾನ್ಯ. ಅಂಥ ಕಡೆ 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುವುದೆಂದು ಬರೆದಿರುವ ಚಾರ್ಜರನ್ನೇ ಬಳಸಬೇಕು.

ಕ್ಯಾಮೆರಾವೇ ‘ಬೇಡ’ ಎಂದಾಗ

ಬ್ಯಾಟರಿ ಚೆನ್ನಾಗಿಯೇ ಇದ್ದರೂ ಕ್ಯಾಮೆರಾ ಅದನ್ನು ಒಪ್ಪದಿರುವ ಸಂದರ್ಭಗಳುಂಟು. 2009ರ ಜೂನ್‌ನಲ್ಲಿ ಪ್ಯಾನಸಾನಿಕ್ ತನ್ನ ಕೆಲವು ಲೂಮಿಕ್ಸ್ ಕ್ಯಾಮೆರಾಗಳಿಗೆ ಹೊಸ ಫರ್ಮ್‌ವೇರ್ ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಬಳಿಕ ಬೇರೆ ಕಂಪನಿಯ ಬ್ಯಾಟರಿಗಳು ಕೆಲಸ ಮಾಡಲಿಲ್ಲ. ಕಂಪನಿ ಕೊಟ್ಟ ಕಾರಣ ಸುರಕ್ಷತೆ. ತಮ್ಮನ್ನು ದುಬಾರಿ ಬ್ಯಾಟರಿಗೆ ಕಟ್ಟಿಹಾಕಲಾಯಿತು ಎಂಬುದು ಬಳಕೆದಾರರ ಆಕ್ಷೇಪ. 2013ರಲ್ಲಿ ನಿಕಾನ್‌ನ ಡಿ3200, ಡಿ5200 ಮೊದಲಾದ ಮಾದರಿಗಳ ಫರ್ಮ್‌ವೇರ್ ಪರಿಷ್ಕರಣೆಯ ನಂತರವೂ ಇಂಥದೇ ದೂರುಗಳು ಬಂದವು.

ಇದರಿಂದ ಕಲಿಯಬೇಕಾದ ಪಾಠವಿಷ್ಟು: ಬೇರೆ ಕಂಪನಿಯ ಬ್ಯಾಟರಿ ಬಳಸುವವರು ಫರ್ಮ್‌ವೇರ್ ಬದಲಿಸುವ ಮುನ್ನ ವಿಚಾರಿಸಬೇಕು. ದೊಡ್ಡ ಕೆಲಸದ ಹಿಂದಿನ ರಾತ್ರಿ ಅದಕ್ಕೆ ಕೈಹಾಕಲೇಬಾರದು. ಪರಿಷ್ಕರಣೆ ನಡೆಯುತ್ತಿರುವಾಗ ಕ್ಯಾಮೆರಾದಲ್ಲಿ ಪೂರ್ತಿ ತುಂಬಿದ ಮೂಲ ಬ್ಯಾಟರಿಯೇ ಇರಲಿ. ಅರ್ಧದಲ್ಲಿ ವಿದ್ಯುತ್ ನಿಂತರೆ ಕ್ಯಾಮೆರಾ ನಿಷ್ಕ್ರಿಯವಾಗಬಹುದು.

ಹೊಂದಾಣಿಕೆಯ ತೊಡಕು ಮೂಲ ಬ್ಯಾಟರಿಗಳಲ್ಲೂ ಇದೆ ಎಂಬುದು ಗಮನಾರ್ಹ. ನಿಕಾನ್‌ನ ಝಡ್ ಸರಣಿಯ ಕೆಲವು ಕ್ಯಾಮೆರಾಗಳಲ್ಲಿ ಇಎನ್-ಇಎಲ್15 ಬ್ಯಾಟರಿ ಕೆಲಸ ಮಾಡುತ್ತದಾದರೂ ಕ್ಯಾಮೆರಾದೊಳಗೇ ಚಾರ್ಜ್ ಮಾಡಬೇಕಾದರೆ ಹೆಸರಿನ ಕೊನೆಯಲ್ಲಿ ‘ಬಿ’ ಅಥವಾ ‘ಸಿ’ ಇರುವ ಮಾದರಿಯೇ ಬೇಕು.

ಮೂಲ ಕಂಪನಿಯೂ ಹೊರತಲ್ಲ

‘ಒರಿಜಿನಲ್ ಆದರೆ ಚಿಂತೆಯಿಲ್ಲ’ ಎಂಬ ಮಾತು ಬಹುಮಟ್ಟಿಗೆ ನಿಜ, ಪೂರ್ತಿಯಾಗಿ ಅಲ್ಲ. 2005ರ ನವೆಂಬರ್‌ನಲ್ಲಿ ನಿಕಾನ್ ತನ್ನದೇ ಇಎನ್-ಇಎಲ್3 ಬ್ಯಾಟರಿಗಳನ್ನು ಶಾರ್ಟ್ ಆಗಿ ಬಿಸಿಯಾಗುವ ದೋಷದ ಕಾರಣ ವಾಪಸ್ ಪಡೆಯಿತು. ವಾಪಸಾತಿಗೆ ಒಳಪಟ್ಟವು ಸುಮಾರು 7.1 ಲಕ್ಷ. 2012ರಲ್ಲಿ ಇಎನ್-ಇಎಲ್15ರ ಕೆಲವು ಕಂತುಗಳನ್ನೂ ಇಂಥದೇ ಕಾರಣಕ್ಕೆ ಬದಲಿಸಿಕೊಟ್ಟಿತು.

ನಮ್ಮ ಓದುಗರಿಗೆ ಇನ್ನೂ ಚೆನ್ನಾಗಿ ನೆನಪಿರಬಹುದಾದದ್ದು 2007ರ ನೋಕಿಯಾ ಪ್ರಕರಣ. ಮತ್ಸುಷಿತಾ ಕಂಪನಿ ತಯಾರಿಸಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಹೊರಬಿದ್ದಾಗ ದೇಶದಾದ್ಯಂತ ಜನ ತಮ್ಮ ಮೊಬೈಲಿನ ಬ್ಯಾಟರಿಯ ಸಂಖ್ಯೆಯನ್ನು ಪರಿಶೀಲಿಸಿಕೊಂಡಿದ್ದರು.

ಈ ಪ್ರಕರಣಗಳಲ್ಲಿ ಕಂಪನಿಗಳು ಸಂಖ್ಯೆ ಪ್ರಕಟಿಸಿ, ದೋಷ ಒಪ್ಪಿ, ಬದಲಿ ಬ್ಯಾಟರಿ ಕೊಟ್ಟವು. ಮೂಲ ಬ್ಯಾಟರಿಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಈ ಹೊಣೆಗಾರಿಕೆಗೆ ಸಲ್ಲುತ್ತದೆ. ಹೆಸರಿಲ್ಲದ ಬ್ಯಾಟರಿಯಲ್ಲಿ ದೋಷ ಕಂಡರೆ ಕೇಳಲು ವಿಳಾಸವೇ ಇರುವುದಿಲ್ಲ.

ಗುರುತು, ರಸೀದಿ, ಕಾನೂನು

ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಕಡ್ಡಾಯ ನೋಂದಣಿ ವ್ಯವಸ್ಥೆಯು 2012ರ ಆದೇಶದಿಂದ ಆರಂಭವಾಯಿತು. 2014ರಲ್ಲಿ ಒಯ್ಯಬಹುದಾದ ಸಾಧನಗಳ ರೀಚಾರ್ಜ್ ಬ್ಯಾಟರಿಗಳನ್ನೂ ಅದರ ವ್ಯಾಪ್ತಿಗೆ ತರಲಾಯಿತು. ಇಂಥ ಬ್ಯಾಟರಿಗೆ ಅನ್ವಯಿಸುವ ಮಾನಕ ‘ಐಎಸ್ 16046’. ಬ್ಯಾಟರಿಯ ಮೈಮೇಲೆ ಅಥವಾ ಪೊಟ್ಟಣದ ಮೇಲೆ ಈ ಸಂಖ್ಯೆಯೂ ‘ಆರ್’ ಅಕ್ಷರದಿಂದ ಆರಂಭವಾಗುವ 8 ಅಂಕಿಗಳ ನೋಂದಣಿ ಸಂಖ್ಯೆಯೂ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ನಮೂದಿಸಿದರೆ ತಯಾರಕರ ವಿವರ ಕಾಣುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ, ಒಂದು ನಿಮಿಷದ ಪರೀಕ್ಷೆಯಿದು.

ನಕಲಿ ಮಾಲನ್ನು ಗುರುತಿಸಲು ಹಾಲೊಗ್ರಾಮ್ ಚೀಟಿ, ಅಕ್ಷರಗಳ ಅಚ್ಚು, ತೂಕ ಇವನ್ನು ನಿಮ್ಮ ಕ್ಯಾಮೆರಾದೊಂದಿಗೆ ಬಂದ ಬ್ಯಾಟರಿಯ ಜೊತೆ ಹೋಲಿಸಿ. ಅಕ್ಷರ ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಕೈಗೆ ಹಗುರವೆನಿಸಿದರೆ ಹಿಂತಿರುಗಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ಮಂಡ್ಯದಲ್ಲೇ ಆಗಲಿ, ಜಿಎಸ್‌ಟಿ ರಸೀದಿ ಇಲ್ಲದೆ ಬ್ಯಾಟರಿ ಕೊಳ್ಳಬೇಡಿ. ‘ರಸೀದಿ ಬೇಡವೆಂದರೆ ನೂರು ರೂಪಾಯಿ ಕಡಿಮೆ’ ಎಂಬ ಆಮಿಷಕ್ಕೆ ಒಳಗಾದವರಿಗೆ ಮುಂದೆ ದೂರು ಕೊಡಲು ಆಧಾರ ಉಳಿಯುವುದಿಲ್ಲ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ–2019, ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರ ಜೊತೆಗೆ ಮಾರಾಟಗಾರರನ್ನೂ ಹೊಣೆ ಮಾಡಲು ಅವಕಾಶ ನೀಡುತ್ತದೆ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ, ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ.

ಈ ಕಾಯ್ದೆಗೆ ಇನ್ನೊಂದು ಮುಖವೂ ಇದೆ. ಮುಂಗಡ ಪಡೆದ ಛಾಯಾಗ್ರಾಹಕರು ಬ್ಯಾಟರಿ ಕೈಕೊಟ್ಟಿತೆಂದು ಮುಹೂರ್ತದ ಚಿತ್ರ ಕೊಡದಿದ್ದರೆ, ಅವರ ಮೇಲೆಯೇ ಸೇವಾ ನ್ಯೂನತೆಯ ದೂರು ದಾಖಲಾಗಬಹುದು. ಉಳಿಸಿದ ಸಾವಿರ ರೂಪಾಯಿ ಹಲವು ಪಟ್ಟು ಹೊರೆಯಾಗಿ ಹಿಂದಿರುಗಬಹುದು.

ವಾರಂಟಿಯ ಬಗ್ಗೆಯೂ ಒಂದು ಮಾತು. ಬೇರೆ ಕಂಪನಿಯ ಬ್ಯಾಟರಿ ಅಥವಾ ಚಾರ್ಜರಿನಿಂದಾದ ಹಾನಿ ವಾರಂಟಿಗೆ ಒಳಪಡದು ಎಂಬ ಷರತ್ತು ಕ್ಯಾಮೆರಾ ಕಂಪನಿಗಳಲ್ಲಿ ಸಾಮಾನ್ಯ. ವಾರಂಟಿ ಅವಧಿಯಲ್ಲಿ ಸರ್ವಿಸ್ ಸೆಂಟರಿಗೆ ಕ್ಯಾಮೆರಾ ಕೊಡುವ ಮುನ್ನ ಈ ಷರತ್ತನ್ನು ಓದಿಕೊಳ್ಳುವುದು ಒಳ್ಳೆಯದು.

ಮೊದಲ ವಾರದ ಪರೀಕ್ಷೆ

ಹೊಸ ಬ್ಯಾಟರಿಯನ್ನು ನೇರವಾಗಿ ಮದುವೆ ಮನೆಗೆ ಒಯ್ಯಬೇಡಿ. ಮನೆಯಲ್ಲಿ ಹೀಗೆ ಪರೀಕ್ಷಿಸಿ:

1. ಕ್ಯಾಮೆರಾದೊಳಗೆ ಸಲೀಸಾಗಿ ಕೂರುತ್ತದೆಯೇ, ಬಿಗಿಯಾಗುತ್ತದೆಯೇ ನೋಡಿ. ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ.

2. ಮೊದಲ ಚಾರ್ಜ್ ನಿಮ್ಮ ಕಣ್ಣೆದುರೇ ಆಗಲಿ. ಬೆಚ್ಚಗಾಗುವುದು ಸಹಜ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ತಕ್ಷಣ ಕರೆಂಟ್ ತೆಗೆಯಿರಿ.

3. ಪೂರ್ತಿ ತುಂಬಿದ ಮೂಲ ಬ್ಯಾಟರಿಯಲ್ಲಿ ಎಷ್ಟು ನಿಮಿಷ ವಿಡಿಯೊ ಓಡುತ್ತದೆ ಎಂದು ಬರೆದುಕೊಳ್ಳಿ. ಅದೇ ಸೆಟ್ಟಿಂಗ್‌ನಲ್ಲಿ ಹೊಸದನ್ನೂ ಓಡಿಸಿ. ಇದನ್ನು ಮೂರು ಬಾರಿ ಮಾಡಿದರೆ ಬ್ಯಾಟರಿಯ ನಿಜವಾದ ಸಾಮರ್ಥ್ಯ ತಿಳಿಯುತ್ತದೆ.

4. ಶೇಕಡಾವಾರು ಅಂಕಿ ಒಂದೇ ಸಮನೆ ಇಳಿಯುತ್ತದೆಯೇ, ಧಡಕ್ಕನೆ ಬೀಳುತ್ತದೆಯೇ ಗಮನಿಸಿ.

5. ಪ್ರತಿ ಬ್ಯಾಟರಿಗೂ ಸಂಖ್ಯೆ, ಕೊಂಡ ತಿಂಗಳು ಬರೆದ ಚೀಟಿ ಅಂಟಿಸಿ. ಬದಲಿಸುವಾಗ ಸರದಿ ತಪ್ಪದಿರಲಿ.

ನಿಕಾನ್‌ನ ಹಲವು ಕ್ಯಾಮೆರಾಗಳ ಮೆನುವಿನಲ್ಲಿ ಬ್ಯಾಟರಿಯ ವಯಸ್ಸನ್ನು 0ಯಿಂದ 4ರವರೆಗಿನ ಅಂಕಿಯಲ್ಲಿ ನೋಡಬಹುದು. 0 ಎಂದರೆ ಹೊಸದು, 4 ಎಂದರೆ ಬದಲಿಸುವ ಕಾಲ. ಕ್ಯಾನನ್‌ನ ಹಲವು ಮಾದರಿಗಳಲ್ಲೂ ಇಂಥ ಮಾಹಿತಿ ಇದೆ. ಬೇರೆ ಕಂಪನಿಯ ಬ್ಯಾಟರಿ ಹಾಕಿದಾಗ ಈ ಅಂಕಿಯನ್ನು ಪೂರ್ತಿ ನಂಬಲಾಗದು. ನಿಮಿಷದ ಲೆಕ್ಕವೇ ಹೆಚ್ಚು ವಿಶ್ವಾಸಾರ್ಹ.

ಆಷಾಢದಲ್ಲಿ ಬ್ಯಾಟರಿ

ನಮ್ಮ ಕಡೆ ಆಷಾಢ, ಧನುರ್ಮಾಸಗಳಲ್ಲಿ ಮದುವೆ ನಡೆಯುವುದಿಲ್ಲ. ಆಗ ಬ್ಯಾಟರಿಗಳು ಚೀಲದಲ್ಲೇ ಉಳಿಯುತ್ತವೆ. ಪೂರ್ತಿ ತುಂಬಿಸಿ ಇಡುವುದು ಒಂದು ತಪ್ಪು, ಪೂರ್ತಿ ಖಾಲಿಯಾದದ್ದನ್ನು ಹಾಗೇ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಅರ್ಧದಷ್ಟು ಚಾರ್ಜ್ ಇರಿಸಿ, ಕ್ಯಾಮೆರಾದಿಂದ ಹೊರತೆಗೆದು, ಲೋಹದ ಪಟ್ಟಿಗಳಿಗೆ ಮುಚ್ಚಳ ಹಾಕಿ ತಂಪಾದ ಒಣ ಜಾಗದಲ್ಲಿಡಬೇಕು. ತಿಂಗಳಿಗೊಮ್ಮೆ ನೋಡುತ್ತಿರಬೇಕು. ಬಹಳ ಕಾಲ ಖಾಲಿ ಬಿದ್ದ ಬ್ಯಾಟರಿ ಚಾರ್ಜ್ ಹಿಡಿಯದಿದ್ದರೆ ಬಲವಂತದಿಂದ ಎಬ್ಬಿಸುವ ಪ್ರಯತ್ನ ಬೇಡ.

ಲೀಥಿಯಂ ಬ್ಯಾಟರಿಗೆ ಬಿಸಿಲೇ ಶತ್ರು. ಏಪ್ರಿಲ್, ಮೇ ತಿಂಗಳ ಮದುವೆ ಋತುವಿನಲ್ಲಿ ಬೈಕಿನ ಪೆಟ್ಟಿಗೆಯಲ್ಲಿ, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಬ್ಯಾಟರಿಯ ಆಯುಷ್ಯ ಬೇಗ ಕುಗ್ಗುತ್ತದೆ. ಬಿಸಿಯಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕದೆ ಆರಲು ಬಿಡಿ. ಚಿಲ್ಲರೆ ಕಾಸು, ಬೀಗದ ಕೈ ಇರುವ ಜೇಬಿಗೆ ಬಿಡಿ ಬ್ಯಾಟರಿ ಹಾಕುವುದಂತೂ ಸಲ್ಲದು.

ಉಬ್ಬಿದರೆ, ಹೊಗೆ ಬಂದರೆ

ಒಳಗಿನ ರಾಸಾಯನಿಕ ಕೆಟ್ಟು ಅನಿಲ ತುಂಬಿದಾಗ ಬ್ಯಾಟರಿ ಉಬ್ಬುತ್ತದೆ. ಉಬ್ಬಿದ್ದು ಕ್ಯಾಮೆರಾದೊಳಗೆ ಸಿಕ್ಕಿಕೊಂಡರೆ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಚುಚ್ಚಿದರೆ ಬೆಂಕಿ ಹೊತ್ತೀತು. ಕ್ಯಾಮೆರಾ ಆಫ್ ಮಾಡಿ ರಿಪೇರಿಯವರ ಬಳಿಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು.

ಚಾರ್ಜ್ ಆಗುತ್ತಿರುವಾಗ ಹೊಗೆ ಬಂದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಹೊಗೆ ವಿಷಕಾರಿಯಾದ್ದರಿಂದ ಕಿಟಕಿ ತೆರೆದು ದೂರ ಸರಿಯಿರಿ. ವಿದ್ಯುತ್ ಕಡಿತವಾಗಿದೆ ಎಂದು ಖಚಿತವಾದ ಮೇಲೆ ಧಾರಾಳ ನೀರು ಸುರಿದು ತಣ್ಣಗಾಗಿಸಬಹುದು. ಬೆಂಕಿ ಹರಡುತ್ತಿದ್ದರೆ 112ಕ್ಕೆ ಕರೆ ಮಾಡಿ. ಹಾಸಿಗೆ, ಸೋಫಾ, ಕಾಗದದ ರಾಶಿಯ ಮೇಲೆ ಚಾರ್ಜರ್ ಇಡದಿರುವುದು, ಎಲ್ಲರೂ ಮಲಗಿರುವಾಗ ಹೊಸ ಚಾರ್ಜರನ್ನು ರಾತ್ರಿಯಿಡೀ ಬಿಡದಿರುವುದು ಮುಂಜಾಗ್ರತೆಯ ಮೊದಲ ಮೆಟ್ಟಿಲು.

ಕೆಟ್ಟ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವುದೂ ಅಪಾಯವೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಲೋಹದ ಪಟ್ಟಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸ್ವೀಕರಿಸುವ ಕೇಂದ್ರಕ್ಕೆ ಅಥವಾ ಸರ್ವಿಸ್ ಸೆಂಟರಿಗೆ ಕೊಡಿ.

ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು. ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗಿನವಕ್ಕೆ ವಿಶೇಷ ಅನುಮತಿ ಬೇಕಿಲ್ಲ. ಕ್ಯಾಮೆರಾ ಬ್ಯಾಟರಿಗಳು ಈ ಮಿತಿಗಿಂತ ಬಹಳ ಕೆಳಗಿವೆ. ಆದರೆ ಮೈಮೇಲಿನ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೊಂದರೆಯಾದೀತು.

ಹಾಗಾದರೆ ಯಾವುದು ಯಾರಿಗೆ?

ವರ್ಷಕ್ಕೆ ನಾಲ್ಕು ಬಾರಿ ಕ್ಯಾಮೆರಾ ಹೊರತೆಗೆಯುವ ಕುಟುಂಬಕ್ಕೆ, ಬಿಐಎಸ್ ಸಂಖ್ಯೆ ಮತ್ತು ರಸೀದಿ ಇರುವ ಬೇರೆ ಕಂಪನಿಯ ಒಂದು ಹೆಚ್ಚುವರಿ ಬ್ಯಾಟರಿ ಸಾಕು. ಚಾರ್ಜರ್ ಮಾತ್ರ ಕ್ಯಾಮೆರಾದೊಂದಿಗೆ ಬಂದದ್ದೇ ಇರಲಿ.

ಪಕ್ಷಿ ಛಾಯಾಗ್ರಹಣದ ಹವ್ಯಾಸಿಗಳಿಗೆ ಒಂದು ಮೂಲ, ಎರಡು ಬೇರೆ ಕಂಪನಿಯ ಬ್ಯಾಟರಿ ಸೂಕ್ತ ಹೊಂದಾಣಿಕೆ. ಒಂದು ಕೈಕೊಟ್ಟರೆ ಹೋಗುವುದು ಒಂದು ಚಿತ್ರ. ಕೊಕ್ಕರೆ ನಾಳೆಯೂ ಬರುತ್ತದೆ.

ಮದುವೆ, ನಾಮಕರಣ, ಗೃಹಪ್ರವೇಶಗಳ ಕೆಲಸ ಒಪ್ಪಿಕೊಳ್ಳುವವರು ಮುಖ್ಯ ಕ್ಯಾಮೆರಾಕ್ಕೆ ಕನಿಷ್ಠ ಎರಡು ಮೂಲ ಬ್ಯಾಟರಿಗಳನ್ನು ಇಟ್ಟುಕೊಳ್ಳಬೇಕು. ಅವನ್ನು ಧಾರೆ, ಮಾಂಗಲ್ಯಧಾರಣೆಯ ಹೊತ್ತಿಗೆ ಮೀಸಲಿಡಬೇಕು. ಆರತಕ್ಷತೆಯ ಸಾಲು ಚಿತ್ರಗಳಿಗೆ, ಬೀಗರ ಊಟಕ್ಕೆ, ಎರಡನೇ ಕ್ಯಾಮೆರಾಕ್ಕೆ ಪರೀಕ್ಷಿಸಿ ನೋಡಿದ ಬೇರೆ ಕಂಪನಿಯವು ಸಾಕು. ಎಲ್‌ಇಡಿ ದೀಪಗಳಿಗೆ ಬಳಸುವ ಎನ್‌ಪಿ-ಎಫ್ ಮಾದರಿಯ ದೊಡ್ಡ ಬ್ಯಾಟರಿಗಳಲ್ಲಿ ಬೇರೆ ಕಂಪನಿಯದೇ ರೂಢಿ; ಅಲ್ಲಿಯೂ ಹೆಸರು, ಸಂಖ್ಯೆ, ರಸೀದಿಯ ನಿಯಮ ತಪ್ಪಬಾರದು.

ಒಂದು ಮದುವೆಗೆ ಪಡೆಯುವ ಸಂಭಾವನೆಯ ಎದುರು ಒಂದು ಮೂಲ ಬ್ಯಾಟರಿಯ ಬೆಲೆಯನ್ನು ತೂಗಿ ನೋಡಿದರೆ, ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.